ಹಳೆಯ ಕಾರನ್ನು ಮಾರಾಟ ಮಾಡುವವರಿಗೆ ಮಾಹಿತಿ: ಮಾಲೀಕತ್ವದ ವರ್ಗಾವಣೆ ಮತ್ತು ನೋಂದಣಿ ರದ್ದತಿ

1. ಪೀಠಿಕೆ

ತಮ್ಮಲ್ಲಿರುವ ಹಳೆಯ ಅಥವಾ ಬಳಕೆಯಲ್ಲಿಲ್ಲದ ಕಾರನ್ನು ನಗದಿಗೆ ಮಾರಾಟ ಮಾಡುವ ಸಾರ್ವಜನಿಕರಲ್ಲಿ ಹಲವರು, ಹಣವನ್ನು ಪಡೆದು ಕೀಲಿಕೈಯನ್ನು ಒಪ್ಪಿಸಿದ ಕೂಡಲೇ ತಮ್ಮ ಜವಾಬ್ದಾರಿಯು ಮುಗಿಯಿತೆಂದು ಭಾವಿಸುತ್ತಾರೆ. ಈ ಭಾವನೆಯು ಸರಿಯಲ್ಲ. ನೋಂದಣಿ ಪ್ರಾಧಿಕಾರದ ದಾಖಲೆಯಲ್ಲಿ ಖರೀದಿದಾರರ ಹೆಸರು ದಾಖಲಾಗುವವರೆಗೆ, ಮೋಟಾರು ವಾಹನಗಳ ಅಧಿನಿಯಮ, 1988ರ ದೃಷ್ಟಿಯಲ್ಲಿ ಮಾರಾಟಗಾರರೇ ಆ ವಾಹನದ ಮಾಲೀಕರಾಗಿ ಮುಂದುವರೆಯುತ್ತಾರೆ. ಆ ಅವಧಿಯಲ್ಲಿ ಅಪಘಾತ ಸಂಭವಿಸಿದಲ್ಲಿ ಪರಿಹಾರದ ಹೊಣೆ, ಸಂಚಾರ ನಿಯಮ ಉಲ್ಲಂಘನೆಯ ದಂಡದ ಸೂಚನಾಪತ್ರ ಹಾಗೂ ವಾಹನವು ಅಪರಾಧ ಕೃತ್ಯದಲ್ಲಿ ಬಳಕೆಯಾದಲ್ಲಿ ಪೊಲೀಸ್ ವಿಚಾರಣೆ ಇವೆಲ್ಲವೂ ಮೊದಲಿಗೆ ಬರುವುದು ದಾಖಲೆಯಲ್ಲಿರುವ ಹೆಸರಿಗೆ ಮತ್ತು ವಿಳಾಸಕ್ಕೆ.

ಆದ್ದರಿಂದ ಕಾರನ್ನು ಮಾರಾಟ ಮಾಡುವ ಮುನ್ನ, ಮಾರಾಟದ ದಿನ ಹಾಗೂ ಆ ನಂತರ ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ. ಮಾರುವ ಬದಲು ಗುಜರಿಗೆ ಒಪ್ಪಿಸುವವರು ಕ್ರಮ ಸಂಖ್ಯೆ 10ನ್ನು ಹಾಗೂ ಹಿಂದೆಯೇ ಮಾರಾಟ ಮಾಡಿ ವರ್ಗಾವಣೆಯಾಗದೆ ಉಳಿದಿರುವವರು ಕ್ರಮ ಸಂಖ್ಯೆ 11ನ್ನು ವಿಶೇಷವಾಗಿ ಗಮನಿಸುವುದು.

2. ಕಾನೂನಿನ ಪ್ರಕಾರ ಮಾಲೀಕರು ಯಾರು?

ಅಧಿನಿಯಮದ ಪ್ರಕರಣ 2(30)ರ ಪ್ರಕಾರ, ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿದೆಯೋ ಅವರೇ ಮಾಲೀಕರು. ವಾಹನವು ಬಾಡಿಗೆ ಖರೀದಿ, ಗುತ್ತಿಗೆ ಅಥವಾ ಸಾಲದ ಕರಾರಿಗೆ ಒಳಪಟ್ಟಿದ್ದಲ್ಲಿ, ಆ ಕರಾರಿನ ಮೇರೆಗೆ ವಾಹನವನ್ನು ತಮ್ಮ ಸ್ವಾಧೀನದಲ್ಲಿ ಹೊಂದಿರುವವರು ಮಾಲೀಕರೆನಿಸುತ್ತಾರೆ.

ಈ ವಿಷಯವನ್ನು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2018ರ ಫೆಬ್ರವರಿ 6ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ ನೋಂದಾಯಿತ ಮಾಲೀಕರು 2007ರಲ್ಲಿಯೇ ವಾಹನವನ್ನು ಮಾರಾಟ ಮಾಡಿದ್ದಾಗಿ ತಿಳಿಸಿದ್ದರು. ಅಲ್ಲಿಂದ ಮುಂದೆ ವಾಹನವು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸಿತ್ತು. ಆದರೆ ಯಾರೊಬ್ಬರೂ ದಾಖಲೆಯಲ್ಲಿ ಹೆಸರನ್ನು ಬದಲಾಯಿಸಿಕೊಂಡಿರಲಿಲ್ಲ. 2009ರ ಮೇ ತಿಂಗಳಲ್ಲಿ ಆ ವಾಹನದಿಂದ ಅಪಘಾತ ಸಂಭವಿಸಿತು. ಪರಿಹಾರ ನೀಡುವ ಹೊಣೆಯು ಕೊನೆಯಲ್ಲಿ ವಾಹನವನ್ನು ಸ್ವಾಧೀನದಲ್ಲಿ ಹೊಂದಿದ್ದವರದಲ್ಲ, ದಾಖಲೆಯಲ್ಲಿ ಹೆಸರಿರುವವರದೇ ಎಂದು ನ್ಯಾಯಾಲಯವು ತೀರ್ಮಾನಿಸಿತು. ಅಪಘಾತಕ್ಕೆ ಒಳಗಾದವರು ವಾಹನವು ಯಾರಿಂದ ಯಾರಿಗೆ ಮಾರಾಟವಾಯಿತೆಂದು ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ಈ ತೀರ್ಮಾನದ ಹಿಂದಿನ ಕಾರಣ.

ಆದುದರಿಂದ ಛಾಪಾ ಕಾಗದದ ಮೇಲೆ ಬರೆಸಿಕೊಂಡ ಮಾರಾಟ ಕರಾರು, ನೋಟರಿಯವರ ಮೊಹರು ಅಥವಾ ಹಣ ಪಾವತಿಯ ರಸೀದಿ ಇವು ಯಾವುವೂ ನೋಂದಣಿ ದಾಖಲೆಯಲ್ಲಿ ಆಗಬೇಕಾದ ಬದಲಾವಣೆಗೆ ಪರ್ಯಾಯವಲ್ಲ. ಇವು ಮಾರಾಟಗಾರ ಮತ್ತು ಖರೀದಿದಾರರ ನಡುವಣ ವ್ಯವಹಾರಕ್ಕೆ ಪುರಾವೆಯಾಗಬಲ್ಲವೇ ಹೊರತು, ಮೂರನೆಯವರ ಎದುರು ಮಾರಾಟಗಾರರನ್ನು ಹೊಣೆಯಿಂದ ಮುಕ್ತಗೊಳಿಸುವುದಿಲ್ಲ.

3. ಮಾರಾಟಕ್ಕೆ ಮುನ್ನ ಪರಿಶೀಲಿಸಿಕೊಳ್ಳಬೇಕಾದ ಅಂಶಗಳು

ಅ) ನೋಂದಣಿ ಪತ್ರ: ಮೂಲ ನೋಂದಣಿ ಪತ್ರ ಅಥವಾ ಸ್ಮಾರ್ಟ್ ಕಾರ್ಡ್ ತಮ್ಮಲ್ಲಿರಬೇಕು. ಕಳೆದುಹೋಗಿದ್ದಲ್ಲಿ ಮೊದಲು ನಕಲು ನೋಂದಣಿ ಪತ್ರವನ್ನು ಪಡೆಯತಕ್ಕದ್ದು. ಅದರಲ್ಲಿ ನಮೂದಾಗಿರುವ ಚಾಸಿಸ್ ಸಂಖ್ಯೆ, ಇಂಜಿನ್ ಸಂಖ್ಯೆ ಮತ್ತು ಬಣ್ಣವು ವಾಹನದೊಂದಿಗೆ ತಾಳೆಯಾಗಬೇಕು. ನೋಂದಣಿಯ ವಿವರಗಳಲ್ಲಿ ಸಂದೇಹವಿದ್ದಲ್ಲಿ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಬಿ-ಎಕ್ಸ್‌ಟ್ರ್ಯಾಕ್ಟ್ ಎಂದು ಕರೆಯಲಾಗುವ ದಾಖಲೆ ಪ್ರತಿಯನ್ನು ಪಡೆದು ನೋಡಬಹುದು.

ಆ) ಮೊಬೈಲ್ ಸಂಖ್ಯೆ: ಅರ್ಜಿಗೆ ಸಂಬಂಧಿಸಿದ ಒಂದು ಬಾರಿಯ ಸಂಕೇತ ಸಂಖ್ಯೆಯು, ಅಂದರೆ ಒಟಿಪಿಯು, ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಗೆ ಬರುತ್ತದೆ. ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಕಾರುಗಳಲ್ಲಿ ಹಳೆಯ ಸಂಖ್ಯೆ ಇರುವುದು ಅಥವಾ ಸಂಖ್ಯೆಯೇ ಇಲ್ಲದಿರುವುದು ಸಾಮಾನ್ಯ. ಇದನ್ನು ಪರಿವಾಹನ್ ಜಾಲತಾಣದಲ್ಲಿ ಮೊದಲೇ ಸರಿಪಡಿಸಿಕೊಳ್ಳುವುದು.

ಇ) ಸಾಲದ ನಮೂದು: ಬ್ಯಾಂಕಿನ ಸಾಲವು ತೀರಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿನ ಸಾಲದ ನಮೂದು ತಾನಾಗಿ ಅಳಿಯುವುದಿಲ್ಲ. ಸಾಲ ನೀಡಿದ ಸಂಸ್ಥೆ ಹಾಗೂ ಮಾಲೀಕರು ಸಹಿ ಮಾಡಿದ ನಮೂನೆ 35ನ್ನು ನೋಂದಣಿ ಪ್ರಾಧಿಕಾರಕ್ಕೆ ಸಲ್ಲಿಸಿ ನಮೂದನ್ನು ರದ್ದುಪಡಿಸಿಕೊಳ್ಳತಕ್ಕದ್ದು. ಸಾಲವು ಬಾಕಿ ಇರುವಾಗ, ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆ ಇಲ್ಲದೆ ವರ್ಗಾವಣೆಯನ್ನು ದಾಖಲಿಸಲಾಗುವುದಿಲ್ಲ.

ಈ) ತೆರಿಗೆ ಮತ್ತು ದಂಡ: ಆಜೀವ ತೆರಿಗೆ ಪಾವತಿಯ ವಿವರವನ್ನು ಹಾಗೂ ವಾಹನದ ಮೇಲೆ ಬಾಕಿ ಇರುವ ಸಂಚಾರ ದಂಡಗಳನ್ನು ಪರಿಶೀಲಿಸಿ ತೀರಿಸುವುದು. ಇದರಿಂದ ಹಸ್ತಾಂತರಕ್ಕೆ ಮುಂಚಿನ ದಂಡ ಯಾರದು, ನಂತರದ್ದು ಯಾರದು ಎಂಬ ವಿವಾದಕ್ಕೆ ಅವಕಾಶವಿರುವುದಿಲ್ಲ.

ಉ) ಅತಿ ಸುರಕ್ಷಿತ ನೋಂದಣಿ ಫಲಕ: 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ವಾಹನಗಳಿಗೂ ಈ ಫಲಕವನ್ನು ಅಳವಡಿಸಬೇಕೆಂದು 2023ರ ಆಗಸ್ಟ್‌ನಲ್ಲಿ ರಾಜ್ಯದಲ್ಲಿ ಅಧಿಸೂಚನೆ ಹೊರಡಿಸಲಾಯಿತು. ಫಲಕ ಅಳವಡಿಸದ ವಾಹನಗಳಿಗೆ ಮಾಲೀಕತ್ವ ವರ್ಗಾವಣೆ ಮುಂತಾದ ಸೇವೆಗಳಿಗೆ ಅವಕಾಶವಿಲ್ಲವೆಂದು ಅದರಲ್ಲಿ ತಿಳಿಸಲಾಗಿದೆ. ಆದ್ದರಿಂದ ಫಲಕ ಇಲ್ಲದವರು ಮೊದಲು ಅದನ್ನು ಅಳವಡಿಸಿಕೊಳ್ಳುವುದು.

ಊ) ವಿಮೆ ಮತ್ತು ಹೊಗೆ ತಪಾಸಣೆ: ವಿಮಾ ಪತ್ರ ಹಾಗೂ ಹೊಗೆ ತಪಾಸಣೆ ಪ್ರಮಾಣಪತ್ರ ಎರಡೂ ಚಾಲ್ತಿಯಲ್ಲಿರಬೇಕು. ಬಹುಕಾಲ ಮನೆಯ ಮುಂದೆ ನಿಂತಿರುವ ಕಾರುಗಳಲ್ಲಿ ಇವೆರಡೂ ಅವಧಿ ಮೀರಿರುವುದುಂಟು. ಅಂತಹ ವಾಹನವನ್ನು ಖರೀದಿದಾರರಿಗೆ ಓಡಿಸಿ ನೋಡಲು ಸಹ ಕೊಡಬಾರದು.

4. ಹಣ ಪಡೆಯುವಾಗ ಮತ್ತು ವಾಹನವನ್ನು ಹಸ್ತಾಂತರಿಸುವಾಗ

ಮಾರಾಟದ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಮಿತಿ ಇದೆ. ಆದಾಯ ತೆರಿಗೆ ಕಾನೂನಿನ ಪ್ರಕಾರ 2017ರ ಏಪ್ರಿಲ್ 1ರಿಂದ, ಒಂದೇ ವ್ಯವಹಾರಕ್ಕೆ ಸಂಬಂಧಿಸಿದಂತೆ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವಂತಿಲ್ಲ. ಮೊತ್ತವನ್ನು ಎರಡು ಮೂರು ದಿನಗಳಿಗೆ ಹಂಚಿ ಪಡೆದರೂ ವ್ಯವಹಾರವು ಒಂದೇ ಆಗಿರುವುದರಿಂದ ಈ ನಿರ್ಬಂಧವು ಅನ್ವಯಿಸುತ್ತದೆ. ಉಲ್ಲಂಘಿಸಿದಲ್ಲಿ, ಸ್ವೀಕರಿಸಿದ ಮೊತ್ತದಷ್ಟೇ ದಂಡವನ್ನು ಸ್ವೀಕರಿಸಿದವರಿಗೆ, ಅಂದರೆ ಮಾರಾಟಗಾರರಿಗೆ, ವಿಧಿಸಲು ಅವಕಾಶವಿದೆ. ಇದಕ್ಕಿಂತ ಕಡಿಮೆ ಮೊತ್ತದ ಹಳೆಯ ಕಾರುಗಳ ಮಾರಾಟದಲ್ಲಿಯೂ ಬ್ಯಾಂಕ್ ಖಾತೆಯ ಮೂಲಕ ಪಾವತಿ ಪಡೆಯುವುದು ಉತ್ತಮ. ಹಣ ಪಾವತಿಯಾಗಿದೆ ಎಂದು ಖರೀದಿದಾರರು ತಮ್ಮ ಮೊಬೈಲ್‌ನಲ್ಲಿ ತೋರಿಸುವ ಚಿತ್ರವನ್ನು ನಂಬದೆ, ಮೊತ್ತವು ತಮ್ಮ ಖಾತೆಗೆ ಜಮೆಯಾಗಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಕೀಲಿಕೈಯನ್ನು ಒಪ್ಪಿಸುವುದು.

ವಾಹನವನ್ನು ಒಪ್ಪಿಸುವಾಗ ಎರಡು ಪ್ರತಿಗಳಲ್ಲಿ ಹಸ್ತಾಂತರ ಪತ್ರವನ್ನು ಬರೆದು ಉಭಯತ್ರರೂ ಸಹಿ ಮಾಡತಕ್ಕದ್ದು. ಅದರಲ್ಲಿ ಕೆಳಕಂಡ ವಿವರಗಳಿರಲಿ:

– ನೋಂದಣಿ ಸಂಖ್ಯೆ, ಚಾಸಿಸ್ ಸಂಖ್ಯೆ, ಇಂಜಿನ್ ಸಂಖ್ಯೆ ಹಾಗೂ ಹಸ್ತಾಂತರದ ವೇಳೆಯಲ್ಲಿ ಕಾರು ಓಡಿರುವ ಕಿಲೋಮೀಟರ್;
– ಖರೀದಿದಾರರ ಪೂರ್ಣ ಹೆಸರು, ವಾಸದ ವಿಳಾಸ, ಮೊಬೈಲ್ ಸಂಖ್ಯೆ ಮತ್ತು ಗುರುತಿನ ದಾಖಲೆಯ ಪ್ರತಿ;
– ಮಾರಾಟದ ಮೊತ್ತ ಮತ್ತು ಪಾವತಿಯ ವಿಧಾನ;
– ಒಪ್ಪಿಸಿದ ದಾಖಲೆಗಳ ಮತ್ತು ಕೀಲಿಕೈಗಳ ಪಟ್ಟಿ;
– ಹಸ್ತಾಂತರದ ದಿನಾಂಕ ಮಾತ್ರವಲ್ಲದೆ ಗಂಟೆ ಮತ್ತು ನಿಮಿಷ.

ಗಂಟೆಯನ್ನು ಬರೆಯುವುದು ಅನಗತ್ಯವೆಂದು ಕಾಣಬಹುದು. ಆದರೆ ಬೆಳಿಗ್ಗೆ ಮಾರಾಟವಾದ ಕಾರು ಅದೇ ದಿನ ಸಂಜೆ ಅಪಘಾತಕ್ಕೀಡಾದಲ್ಲಿ, ಆ ಸಮಯದಲ್ಲಿ ವಾಹನವು ಯಾರ ಬಳಿ ಇತ್ತೆಂದು ಪೊಲೀಸರಿಗೆ ತೋರಿಸಲು ಇರುವ ಲಿಖಿತ ಪುರಾವೆ ಇದೊಂದೇ.

ಮುಖ್ಯ ಎಚ್ಚರಿಕೆ: ಖರೀದಿದಾರರ ಹೆಸರು, ವಿಳಾಸ ಮತ್ತು ದಿನಾಂಕವನ್ನು ಭರ್ತಿ ಮಾಡದ ಖಾಲಿ ನಮೂನೆ 29 ಮತ್ತು ನಮೂನೆ 30ಕ್ಕೆ ಯಾವುದೇ ಕಾರಣಕ್ಕೂ ಸಹಿ ಮಾಡಿಕೊಡಬಾರದು. ಇಂತಹ ಖಾಲಿ ನಮೂನೆಗಳನ್ನು ಹಿಡಿದು ವಾಹನವು ಮೂರು ನಾಲ್ಕು ಜನರ ಕೈ ಬದಲಾಯಿಸಿ, ಅಂತಿಮವಾಗಿ ಯಾರ ಬಳಿ ಇದೆ ಎಂಬುದು ಮಾರಾಟಗಾರರಿಗೇ ತಿಳಿಯದಂತಾಗುತ್ತದೆ. ಒಟಿಪಿಯನ್ನೂ ಯಾವ ಅರ್ಜಿಗಾಗಿ ಎಂದು ತಿಳಿಯದೆ ಯಾರಿಗೂ ಹೇಳಬಾರದು.

5. ವರದಿ, ಅರ್ಜಿ ಮತ್ತು ಕಾಲಮಿತಿ

ಅಧಿನಿಯಮದ ಪ್ರಕರಣ 50 ಹಾಗೂ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 55ರ ಮೇರೆಗೆ ಮಾರಾಟಗಾರರಿಗೆ ಮತ್ತು ಖರೀದಿದಾರರಿಗೆ ಪ್ರತ್ಯೇಕ ಕರ್ತವ್ಯಗಳಿವೆ.

ಮಾರಾಟಗಾರರು: ರಾಜ್ಯದೊಳಗೆ ನೋಂದಣಿಯಾದ ವಾಹನವನ್ನು ಮಾರಿದ 14 ದಿನಗಳೊಳಗೆ ನಮೂನೆ 29ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ಅದರ ಒಂದು ಪ್ರತಿಯನ್ನು ಖರೀದಿದಾರರಿಗೆ ಕಳುಹಿಸತಕ್ಕದ್ದು.

ಖರೀದಿದಾರರು: ವರ್ಗಾವಣೆಯಾದ 30 ದಿನಗಳೊಳಗೆ, ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಹಾಗೂ ವಾಹನವನ್ನು ಸಾಮಾನ್ಯವಾಗಿ ಇರಿಸುವ ಸ್ಥಳದ ನೋಂದಣಿ ಪ್ರಾಧಿಕಾರಕ್ಕೆ ನಮೂನೆ 30ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ಉದಾಹರಣೆಗೆ, ಕೆಎ-09 ಸಂಖ್ಯೆಯ ಕಾರನ್ನು ಮೈಸೂರಿನ ಮಾಲೀಕರು ಜೂನ್ 1ರಂದು ಹಾಸನದ ಖರೀದಿದಾರರಿಗೆ ಮಾರಾಟ ಮಾಡಿ ಒಪ್ಪಿಸಿದ್ದಾರೆಂದು ಭಾವಿಸೋಣ. ಮಾರಾಟಗಾರರು ಜೂನ್ 15ರೊಳಗೆ ನಮೂನೆ 29ನ್ನು ಸಲ್ಲಿಸಬೇಕು. ಖರೀದಿದಾರರು ಜುಲೈ 1ರೊಳಗೆ ಹಾಸನದ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಯಲ್ಲಿ ನಮೂನೆ 30ರ ಅರ್ಜಿಯನ್ನು ಸಲ್ಲಿಸಬೇಕು. ಕಾರು ಹಾಸನಕ್ಕೆ ಹೋದರೂ ಅದರ ಕೆಎ-09 ಸಂಖ್ಯೆಯು ಬದಲಾಗುವುದಿಲ್ಲ. ಮಾಲೀಕರ ಹೆಸರು ಮತ್ತು ವಿಳಾಸ ಮಾತ್ರ ಬದಲಾಗುತ್ತವೆ.

ಖರೀದಿದಾರರು ತಮ್ಮ ಅರ್ಜಿಯನ್ನು ಸಲ್ಲಿಸುತ್ತಾರೆಂದು ನಂಬಿ ಮಾರಾಟಗಾರರು ಸುಮ್ಮನಿರಬಾರದು. ನಮೂನೆ 29ರ ವರದಿಯು ಮಾರಾಟಗಾರರ ಸ್ವಂತ ಕರ್ತವ್ಯವಾಗಿದ್ದು, ಅದರ ಸ್ವೀಕೃತಿಯನ್ನು ಕಡ್ಡಾಯವಾಗಿ ಪಡೆದು ಇರಿಸಿಕೊಳ್ಳತಕ್ಕದ್ದು.

ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು:

1) ನಮೂನೆ 29 ಮತ್ತು ನಮೂನೆ 30;
2) ಮೂಲ ನೋಂದಣಿ ಪತ್ರ;
3) ಚಾಲ್ತಿಯಲ್ಲಿರುವ ವಿಮಾ ಪತ್ರ;
4) ಚಾಲ್ತಿಯಲ್ಲಿರುವ ಹೊಗೆ ತಪಾಸಣೆ ಪ್ರಮಾಣಪತ್ರ;
5) ಖರೀದಿದಾರರ ವಿಳಾಸದ ಮತ್ತು ಗುರುತಿನ ಪುರಾವೆ;
6) ಸಾಲದ ನಮೂದು ಇದ್ದಲ್ಲಿ, ನಮೂನೆ 35 ಅಥವಾ ಸಾಲ ನೀಡಿದ ಸಂಸ್ಥೆಯ ಒಪ್ಪಿಗೆ ಪತ್ರ;
7) ಬೇರೆ ರಾಜ್ಯದ ವಾಹನವಾಗಿದ್ದಲ್ಲಿ, ನಿರಾಕ್ಷೇಪಣಾ ಪತ್ರ;
8) ನಿಗದಿತ ಶುಲ್ಕ ಪಾವತಿಯ ರಸೀದಿ.

ಶುಲ್ಕ: ಮಾಲೀಕತ್ವ ವರ್ಗಾವಣೆಯ ಶುಲ್ಕವು ನೋಂದಣಿ ಶುಲ್ಕದ ಅರ್ಧದಷ್ಟು. 2016ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಲಾದ ದರಗಳಂತೆ ಸ್ವಂತ ಬಳಕೆಯ ಕಾರಿನ ನೋಂದಣಿ ಶುಲ್ಕ 600 ರೂಪಾಯಿ, ವರ್ಗಾವಣೆ ಶುಲ್ಕ 300 ರೂಪಾಯಿ. ಸ್ಮಾರ್ಟ್ ಕಾರ್ಡ್ ಮತ್ತು ಸೇವಾ ಶುಲ್ಕಗಳು ಪ್ರತ್ಯೇಕ. ಶುಲ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ಅರ್ಜಿ ಸಲ್ಲಿಸುವ ದಿನ ಪರಿವಾಹನ್ ಜಾಲತಾಣದಲ್ಲಿ ತೋರಿಸುವ ಮೊತ್ತವನ್ನೇ ಪಾವತಿಸುವುದು. ಮಧ್ಯವರ್ತಿಗಳು ಕೇಳುವ ಮೊತ್ತವನ್ನು ಈ ಶುಲ್ಕದೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು.

6. ಬೇರೆ ರಾಜ್ಯದ ಖರೀದಿದಾರರಿಗೆ ಮಾರಾಟ ಮಾಡುವಾಗ

ವಾಹನವು ಕರ್ನಾಟಕದಿಂದ ಬೇರೆ ರಾಜ್ಯಕ್ಕೆ ಹೋಗುವುದಾದಲ್ಲಿ, ಮಾಲೀಕರು ನಮೂನೆ 28ರಲ್ಲಿ ಅರ್ಜಿ ಸಲ್ಲಿಸಿ ಪ್ರಕರಣ 48ರನ್ವಯ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು. ಇದನ್ನು ಅಥವಾ ಇದಕ್ಕಾಗಿ ಅರ್ಜಿ ಸಲ್ಲಿಸಿದ್ದರ ಪುರಾವೆಯನ್ನು ವರ್ಗಾವಣೆಯಾದ 45 ದಿನಗಳೊಳಗೆ ಆ ರಾಜ್ಯದ ನೋಂದಣಿ ಪ್ರಾಧಿಕಾರಕ್ಕೆ ಕಳುಹಿಸಬೇಕು. ವಾಹನವು ಕಳವಿನ ಪ್ರಕರಣದಲ್ಲಿ ಒಳಗೊಂಡಿಲ್ಲವೆಂದು ಹಾಗೂ ತೆರಿಗೆ ಬಾಕಿ ಇಲ್ಲವೆಂದು ಪರಿಶೀಲಿಸಿದ ನಂತರವೇ ಈ ಪತ್ರವನ್ನು ನೀಡಲಾಗುತ್ತದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸುವುದು. ಒಂದು, ನಿರಾಕ್ಷೇಪಣಾ ಪತ್ರ ಪಡೆದ ಮಾತ್ರಕ್ಕೆ ಮಾಲೀಕತ್ವವು ಬದಲಾಗುವುದಿಲ್ಲ. ಆ ರಾಜ್ಯದಲ್ಲಿ ಖರೀದಿದಾರರ ಹೆಸರಿಗೆ ದಾಖಲಾಗುವವರೆಗೆ ಹೊಣೆ ಮುಂದುವರೆಯುತ್ತದೆ. ಎರಡು, ಕರ್ನಾಟಕದಲ್ಲಿ ಪಾವತಿಸಿದ ಆಜೀವ ತೆರಿಗೆಯಲ್ಲಿ ವಾಹನದ ವಯಸ್ಸಿಗೆ ಅನುಗುಣವಾಗಿ ಒಂದು ಭಾಗವನ್ನು, ವಾಹನವು ರಾಜ್ಯದಿಂದ ಹೊರಹೋದ ಬಗ್ಗೆ ಪುರಾವೆ ಒದಗಿಸಿ ಮರುಪಾವತಿಯಾಗಿ ಕೋರಲು ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ, 1957ರಲ್ಲಿ ಅವಕಾಶವಿದೆ. ಈ ಮರುಪಾವತಿಯ ಲಾಭ ಯಾರಿಗೆ ಎಂಬುದನ್ನು ಬೆಲೆ ಮಾತನಾಡುವಾಗಲೇ ತೀರ್ಮಾನಿಸಿಕೊಂಡು ಕರಾರಿನಲ್ಲಿ ಬರೆಯುವುದು.

7. ವಿಮೆ ಮತ್ತು ಫಾಸ್ಟ್ಯಾಗ್

ಅಧಿನಿಯಮದ ಪ್ರಕರಣ 157ರ ಪ್ರಕಾರ, ವಾಹನವು ವರ್ಗಾವಣೆಯಾದ ದಿನದಿಂದ ಮೂರನೆಯವರಿಗೆ ಸಂಬಂಧಿಸಿದ ವಿಮಾ ರಕ್ಷಣೆಯು ಖರೀದಿದಾರರಿಗೆ ವರ್ಗಾವಣೆಯಾಗಿದೆ ಎಂದು ಭಾವಿಸಲಾಗುತ್ತದೆ. ಆದರೂ ಖರೀದಿದಾರರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಿ ತಮ್ಮ ಹೆಸರನ್ನು ದಾಖಲಿಸಿಕೊಳ್ಳಬೇಕು. ಹೆಸರು ಬದಲಾಗದಿದ್ದಲ್ಲಿ, ಕಾರಿಗೇ ಆಗುವ ಹಾನಿಗೆ ವಿಮಾ ಪರಿಹಾರ ದೊರೆಯುವುದಿಲ್ಲ: ಪತ್ರದಲ್ಲಿ ಹೆಸರಿರುವ ಮಾರಾಟಗಾರರಿಗೆ ಕಾರಿನಲ್ಲಿ ಹಕ್ಕಿರುವುದಿಲ್ಲ, ಕಾರಿನ ಹಕ್ಕುಳ್ಳ ಖರೀದಿದಾರರ ಹೆಸರು ಪತ್ರದಲ್ಲಿರುವುದಿಲ್ಲ.

ವಿಮಾ ಪರಿಹಾರ ಕೋರದಿದ್ದುದಕ್ಕಾಗಿ ದೊರೆಯುವ ರಿಯಾಯಿತಿಯು, ಅಂದರೆ ನೋ ಕ್ಲೈಮ್ ಬೋನಸ್, ವಾಹನಕ್ಕೆ ಸೇರಿದ್ದಲ್ಲ; ವಿಮೆ ಪಡೆದವರಿಗೆ ಸೇರಿದ್ದು. ಮಾರಾಟಗಾರರು ವಿಮಾ ಸಂಸ್ಥೆಯಿಂದ ಈ ಬಗ್ಗೆ ಪ್ರಮಾಣಪತ್ರ ಪಡೆದು ಮುಂದೆ ಕೊಳ್ಳುವ ವಾಹನದ ವಿಮೆಗೆ ಬಳಸಿಕೊಳ್ಳಬಹುದು.

ಕಾರಿನ ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್ ಮಾರಾಟಗಾರರ ಖಾತೆಗೆ ಜೋಡಣೆಯಾಗಿರುತ್ತದೆ. ಅದನ್ನು ತೆಗೆಯದೆ ಕಾರನ್ನು ಒಪ್ಪಿಸಿದಲ್ಲಿ ಖರೀದಿದಾರರು ದಾಟುವ ಪ್ರತಿಯೊಂದು ಟೋಲ್‌ನ ಶುಲ್ಕವೂ ಮಾರಾಟಗಾರರ ಖಾತೆಯಿಂದಲೇ ಕಡಿತವಾಗುತ್ತದೆ. ಅಲ್ಲದೆ, ಒಂದು ವಾಹನಕ್ಕೆ ಒಂದೇ ಫಾಸ್ಟ್ಯಾಗ್ ಎಂಬ ವ್ಯವಸ್ಥೆ ಇರುವುದರಿಂದ ಖರೀದಿದಾರರಿಗೂ ತೊಂದರೆಯಾಗುತ್ತದೆ. ಆದ್ದರಿಂದ ಹಸ್ತಾಂತರದ ದಿನವೇ ಅದನ್ನು ನೀಡಿದ ಬ್ಯಾಂಕಿಗೆ ತಿಳಿಸಿ ರದ್ದುಪಡಿಸುವುದು.

8. ಹಳೆಯ ಕಾರುಗಳ ವ್ಯಾಪಾರಿಗೆ ಮಾರಾಟ ಮಾಡುವಾಗ

ಮಾರಾಟಗಾರರು ವ್ಯಾಪಾರಿಗೆ ಕಾರನ್ನು ಒಪ್ಪಿಸಿದ ದಿನಕ್ಕೂ, ವ್ಯಾಪಾರಿಯು ಅದನ್ನು ಮತ್ತೊಬ್ಬರಿಗೆ ಮಾರುವ ದಿನಕ್ಕೂ ನಡುವೆ ತಿಂಗಳುಗಳೇ ಕಳೆಯಬಹುದು. ಈ ಅವಧಿಯಲ್ಲಿ ವಾಹನದ ಹೊಣೆ ಯಾರದೆಂಬ ಸಮಸ್ಯೆಯನ್ನು ನಿವಾರಿಸಲು ಕೇಂದ್ರ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಜಾರಿಗೊಳಿಸಿದೆ.

ಇದರ ಮೇರೆಗೆ ನೋಂದಾಯಿತ ವಾಹನಗಳ ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರವನ್ನು ಪಡೆಯಬೇಕು. ಮಾಲೀಕರು ಅಂತಹ ಅಧಿಕೃತ ವ್ಯಾಪಾರಿಗೆ ವಾಹನವನ್ನು ಒಪ್ಪಿಸುವಾಗ ಇಬ್ಬರೂ ಕೂಡಿ ನಮೂನೆ 29ಸಿಯಲ್ಲಿ ಜಾಲತಾಣದ ಮೂಲಕ ಮಾಹಿತಿ ನೀಡತಕ್ಕದ್ದು. ಸ್ವೀಕೃತಿ ಸಂಖ್ಯೆಯು ಸೃಷ್ಟಿಯಾದ ನಂತರ ಆ ವ್ಯಾಪಾರಿಯನ್ನೇ ವಾಹನದ ಮಾಲೀಕರೆಂದು ಪರಿಗಣಿಸಲಾಗುತ್ತದೆ. ನೋಂದಣಿ ನವೀಕರಣ, ನಿರಾಕ್ಷೇಪಣಾ ಪತ್ರ ಹಾಗೂ ವರ್ಗಾವಣೆಗೆ ಅರ್ಜಿ ಸಲ್ಲಿಸುವ ಅಧಿಕಾರವೂ ಅವರಿಗೆ ದೊರೆಯುತ್ತದೆ. ತಮ್ಮ ಬಳಿ ಇರುವ ವಾಹನದ ಸಂಚಾರದ ವಿವರವನ್ನು ಅವರು ವಿದ್ಯುನ್ಮಾನ ವಹಿಯಲ್ಲಿ ನಿರ್ವಹಿಸಬೇಕು.

ಈ ರಕ್ಷಣೆಯು ಅಧಿಕೃತ ವ್ಯಾಪಾರಿಗೆ ಮಾರಿದಾಗ ಮಾತ್ರ ಲಭ್ಯ. ಆದ್ದರಿಂದ ಬೆಲೆಯನ್ನು ಕೇಳುವ ಮೊದಲು ಅಧಿಕಾರ ಪತ್ರವನ್ನು ಕೇಳಿ ನೋಡುವುದು. ನಮೂನೆ 29ಸಿಯ ಸ್ವೀಕೃತಿ ಇಲ್ಲದೆ ಕಾರನ್ನು ಅಂಗಳದಲ್ಲಿ ಬಿಟ್ಟು ಬರಬಾರದು. ವ್ಯಾಪಾರಿಯು ಅಧಿಕಾರ ಪತ್ರ ಹೊಂದಿಲ್ಲದಿದ್ದಲ್ಲಿ, ಕ್ರಮ ಸಂಖ್ಯೆ 5ರಂತೆ ವರ್ಗಾವಣೆಯನ್ನು ಆತನ ಹೆಸರಿಗೆ ಅಥವಾ ಅಂತಿಮ ಖರೀದಿದಾರರ ಹೆಸರಿಗೆ ಮಾಡಿಸಿಕೊಳ್ಳತಕ್ಕದ್ದು.

9. ಮಾಲೀಕರು ಮೃತಪಟ್ಟಿದ್ದಲ್ಲಿ

ಮೃತ ಮಾಲೀಕರ ಹೆಸರಿನಲ್ಲಿರುವ ಕಾರನ್ನು ಕುಟುಂಬದವರು ನೇರವಾಗಿ ಮಾರುವಂತಿಲ್ಲ. ವಾಹನವು ಯಾರ ಸ್ವಾಧೀನಕ್ಕೆ ಬಂದಿದೆಯೋ ಅವರು ಮರಣ ಸಂಭವಿಸಿದ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿದಲ್ಲಿ, ಮೂರು ತಿಂಗಳವರೆಗೆ ವಾಹನವನ್ನು ಬಳಸಲು ನಿಯಮ 56ರಲ್ಲಿ ಅವಕಾಶವಿದೆ. ಆ ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿಯನ್ನು ಮರಣ ಪ್ರಮಾಣಪತ್ರ, ನೋಂದಣಿ ಪತ್ರ ಮತ್ತು ವಿಮಾ ಪತ್ರದೊಂದಿಗೆ ಸಲ್ಲಿಸಿ ಮೊದಲು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಒಬ್ಬರಿಗಿಂತ ಹೆಚ್ಚು ವಾರಸುದಾರರಿದ್ದಲ್ಲಿ ಉಳಿದವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದಿರುವುದು ಮುಂದಿನ ತಕರಾರನ್ನು ತಪ್ಪಿಸುತ್ತದೆ. ಆನಂತರವೇ ಮಾರಾಟಕ್ಕೆ ಮುಂದುವರೆಯುವುದು.

10. 15 ವರ್ಷ ಮೀರಿದ ಕಾರು ಮತ್ತು ಗುಜರಿ

ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ಆ ನಂತರ ಖಾಸಗಿ ಕಾರನ್ನು ಕಡ್ಡಾಯವಾಗಿ ಗುಜರಿಗೆ ಹಾಕಬೇಕೆಂಬ ನಿಯಮವು ಕರ್ನಾಟಕದಲ್ಲಿ ಇಲ್ಲ. ವಾಹನವು ಸುಸ್ಥಿತಿಯಲ್ಲಿದ್ದಲ್ಲಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ತಪಾಸಣೆಗೆ ಒಳಪಡಿಸಿ, ಒಮ್ಮೆಗೆ 5 ವರ್ಷಗಳಂತೆ ನವೀಕರಿಸಿಕೊಳ್ಳಬಹುದು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಮೇಲೆ ನೋಂದಣಿ ನವೀಕರಣವಾಗದಿರುವುದು ಸರ್ಕಾರಿ ವಾಹನಗಳಿಗೆ ಮಾತ್ರ. ಆದರೆ ನವೀಕರಣದ ವೆಚ್ಚವು ಹೆಚ್ಚಿದೆ. 15 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ನಿಯಮಗಳಲ್ಲಿ 2022ರ ಏಪ್ರಿಲ್ 1ರಿಂದ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಹೆಚ್ಚಿಸಲಾಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ನಿಗದಿಪಡಿಸಲಾಯಿತು. ಕಾರಿಗೆ ಸಿಗಬಹುದಾದ ಬೆಲೆಯನ್ನು ಈ ವೆಚ್ಚದೊಂದಿಗೆ ತೂಗಿ ನೋಡಿ ಮಾಲೀಕರು ತೀರ್ಮಾನಿಸುವುದು.

ಗುಜರಿಗೆ ಕೊಡುವುದಾದಲ್ಲಿ, ಹಣ ಕೊಟ್ಟು ಕಾರನ್ನು ಎಳೆದೊಯ್ಯುವ ಯಾವುದೋ ಗುಜರಿ ಅಂಗಡಿಗೆ ಒಪ್ಪಿಸುವುದು ಅಪಾಯಕರ. ಕಾರು ಬಿಡಿಭಾಗಗಳಾಗಿ ಹೋದರೂ ಅದರ ನೋಂದಣಿ ಸಂಖ್ಯೆಯು ದಾಖಲೆಯಲ್ಲಿ ಜೀವಂತವಾಗಿರುತ್ತದೆ. ಅಂತಹ ಕಾರಿನ ನೋಂದಣಿ ಪತ್ರವನ್ನೂ ಚಾಸಿಸ್ ಸಂಖ್ಯೆ ಇರುವ ತಗಡನ್ನೂ ಬಳಸಿ ಕಳವು ಮಾಡಿದ ಕಾರಿಗೆ ಹೊಸ ಗುರುತನ್ನು ನೀಡುವ ಕೃತ್ಯಗಳು ನಡೆಯುತ್ತವೆ. ಅಪಘಾತದಲ್ಲಿ ಪೂರ್ಣ ಹಾನಿಗೊಳಗಾದ ಕಾರುಗಳ ವಿಷಯದಲ್ಲಿ ಈ ಅಪಾಯವು ಇನ್ನೂ ಹೆಚ್ಚು.

ಸರಿಯಾದ ಮಾರ್ಗವೆಂದರೆ ನೋಂದಾಯಿತ ವಾಹನ ಗುಜರಿ ಕೇಂದ್ರ. ಇಂತಹ ಕೇಂದ್ರಗಳ ಕಾರ್ಯನಿರ್ವಹಣೆಗೆ ಕೇಂದ್ರ ಸರ್ಕಾರವು 2021ರ ಸೆಪ್ಟೆಂಬರ್‌ನಲ್ಲಿ ನಿಯಮಗಳನ್ನು ಹೊರಡಿಸಿದೆ. ಇವುಗಳ ಪಟ್ಟಿಯನ್ನು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ವಾಹನವು ಯಾವ ಕಚೇರಿಯಲ್ಲಿ ನೋಂದಣಿಯಾಗಿದ್ದರೂ ದೇಶದ ಯಾವುದೇ ನೋಂದಾಯಿತ ಕೇಂದ್ರಕ್ಕೆ ಒಪ್ಪಿಸಬಹುದು. ಸಾಲದ ನಮೂದು, ಅಪರಾಧ ಪ್ರಕರಣ ಹಾಗೂ ಬಾಕಿಗಳು ಇಲ್ಲವೆಂದು ಕೇಂದ್ರವು ಪರಿಶೀಲಿಸಿ, ವಾಹನವನ್ನು ಪಡೆದು, ಮಾಲೀಕರಿಗೆ ಠೇವಣಿ ಪ್ರಮಾಣಪತ್ರವನ್ನು ನೀಡುತ್ತದೆ. ಗುಜರಿಯ ಮೌಲ್ಯವನ್ನು ಕೇಂದ್ರದೊಂದಿಗೆ ಮಾತನಾಡಿ ನಿಗದಿಪಡಿಸಿಕೊಳ್ಳಬೇಕು.

ಠೇವಣಿ ಪ್ರಮಾಣಪತ್ರಕ್ಕೆ ಪ್ರತ್ಯೇಕ ಬೆಲೆಯಿದೆ. ಇದರ ಆಧಾರದ ಮೇಲೆ ಹೊಸ ವಾಹನ ಕೊಂಡಲ್ಲಿ ಅದರ ನೋಂದಣಿ ಶುಲ್ಕಕ್ಕೆ ವಿನಾಯಿತಿ ಇದೆ. ಸ್ವಂತ ಬಳಕೆಯ ವಾಹನಕ್ಕೆ ಶೇಕಡಾ 25ರವರೆಗೆ ಮೋಟಾರು ವಾಹನ ತೆರಿಗೆಯಲ್ಲಿ ರಿಯಾಯಿತಿ ನೀಡಲು 2021ರ ಅಕ್ಟೋಬರ್‌ನ ಕೇಂದ್ರ ಅಧಿಸೂಚನೆಯು ರಾಜ್ಯಗಳಿಗೆ ಅವಕಾಶ ಕಲ್ಪಿಸಿದೆ. ರಾಜ್ಯದಲ್ಲಿ ಅನ್ವಯಿಸುವ ದರವನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳುವುದು. ವಾಹನವನ್ನು ಕಳಚಿದ ನಂತರ ಕೇಂದ್ರವು ಗುಜರಿ ಪ್ರಮಾಣಪತ್ರವನ್ನು ನೀಡುತ್ತದೆ. ಇದರ ಮೇಲೆ ನೋಂದಣಿಯು ರದ್ದಾಗಿರುವುದನ್ನು ಮಾಲೀಕರು ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಬೇಕು.

ವಾಹನವು ಸುಟ್ಟು ಅಥವಾ ಜಖಂಗೊಂಡು ಶಾಶ್ವತವಾಗಿ ಬಳಕೆಗೆ ಬಾರದಂತಾಗಿದ್ದಲ್ಲಿ, ಪ್ರಕರಣ 55ರ ಮೇರೆಗೆ 14 ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪತ್ರವನ್ನು ಒಪ್ಪಿಸಿ, ನೋಂದಣಿಯನ್ನು ರದ್ದುಪಡಿಸಿಕೊಳ್ಳತಕ್ಕದ್ದು.

11. ಹಿಂದೆ ಮಾರಾಟ ಮಾಡಿದ ವಾಹನವು ಇನ್ನೂ ತಮ್ಮ ಹೆಸರಿನಲ್ಲಿದ್ದರೆ

ಮಾರಿ ವರ್ಷಗಳಾದ ನಂತರ ದಂಡದ ಸೂಚನಾಪತ್ರವೋ ನ್ಯಾಯಾಲಯದ ಸಮನ್ಸೋ ಬಂದಾಗಲೇ ಹಲವರಿಗೆ ವರ್ಗಾವಣೆಯಾಗದಿರುವುದು ತಿಳಿಯುತ್ತದೆ. ಆವರೆಗೆ ಕಾಯದೆ ಕೆಳಕಂಡ ಕ್ರಮಗಳನ್ನು ಕೈಗೊಳ್ಳುವುದು:

1) ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸಿ ವಾಹನದ ಸದ್ಯದ ಸ್ಥಿತಿಯನ್ನು ಹಾಗೂ ವಿಮೆಯ ಅವಧಿಯನ್ನು ನೋಡುವುದು.
2) ಖರೀದಿದಾರರಿಗೆ ವರ್ಗಾವಣೆ ಮಾಡಿಸಿಕೊಳ್ಳುವಂತೆ ಸ್ವೀಕೃತಿ ದೊರೆಯುವ ರೀತಿಯಲ್ಲಿ ಅಂಚೆ ಮೂಲಕ ನೋಟೀಸು ಕಳುಹಿಸುವುದು.
3) ಹಸ್ತಾಂತರ ಪತ್ರ, ಹಣ ಪಾವತಿಯ ಪುರಾವೆ ಮತ್ತು ನೋಟೀಸಿನ ಪ್ರತಿಯೊಂದಿಗೆ ನೋಂದಣಿ ಪ್ರಾಧಿಕಾರಕ್ಕೆ ಲಿಖಿತ ವರದಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ವಿಳಂಬವಾಗಿದ್ದರೂ ವರದಿ ಮಾಡುವುದು ಮಾಡದಿರುವುದಕ್ಕಿಂತ ಮೇಲು.
4) ಖರೀದಿದಾರರು ಪತ್ತೆಯಾಗದಿದ್ದಲ್ಲಿ ಅಥವಾ ವಾಹನವು ದುರ್ಬಳಕೆಯಾಗುತ್ತಿರುವ ಸಂದೇಹವಿದ್ದಲ್ಲಿ ಪೊಲೀಸ್ ಠಾಣೆಗೆ ಲಿಖಿತ ದೂರು ನೀಡುವುದು.
5) ನ್ಯಾಯಾಲಯದ ಅಥವಾ ಅಪಘಾತ ಪರಿಹಾರ ನ್ಯಾಯಮಂಡಳಿಯ ಸಮನ್ಸ್ ಬಂದಿದ್ದಲ್ಲಿ, ವಾಹನವು ತಮ್ಮದಲ್ಲವೆಂದು ಕಡೆಗಣಿಸದೆ ನಿಗದಿತ ದಿನದಂದು ವಕೀಲರ ಮೂಲಕ ಹಾಜರಾಗುವುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಾರನ್ನು ನನ್ನ ತಮ್ಮನಿಗೇ ಕೊಟ್ಟಿದ್ದೇನೆ, ಹಣ ಪಡೆದಿಲ್ಲ. ಆದರೂ ವರ್ಗಾವಣೆ ಅಗತ್ಯವೇ?
ಉತ್ತರ: ಅಗತ್ಯ. ಹಣ ಪಡೆದಿರಲಿ ಪಡೆಯದಿರಲಿ, ಪಡೆದವರು ಬಂಧುವಾಗಿರಲಿ ಅನ್ಯರಾಗಿರಲಿ, ಮಾಲೀಕತ್ವವು ಬದಲಾದಲ್ಲಿ ಪ್ರಕರಣ 50 ಅನ್ವಯಿಸುತ್ತದೆ.

ಪ್ರಶ್ನೆ: ನಮೂನೆ 29ನ್ನು ಸಲ್ಲಿಸಿದ್ದೇನೆ. ನನ್ನ ಹೊಣೆ ಮುಗಿಯಿತೇ?
ಉತ್ತರ: ತಮ್ಮ ಕರ್ತವ್ಯವನ್ನು ನಿರ್ವಹಿಸಿದಂತಾಯಿತು. ಆದರೆ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಮಾಲೀಕರು ತಾವೇ. ಆದ್ದರಿಂದ ಒಂದು ತಿಂಗಳ ನಂತರ ಜಾಲತಾಣದಲ್ಲಿ ಪರಿಶೀಲಿಸುವುದು.

ಪ್ರಶ್ನೆ: ವರ್ಗಾವಣೆಯಾಗುವವರೆಗೆ ಮಾರಾಟದ ಹಣದಲ್ಲಿ ಸ್ವಲ್ಪ ಭಾಗವನ್ನು ತಡೆಹಿಡಿಯಬಹುದೇ?
ಉತ್ತರ: ಅದು ಉಭಯತ್ರರ ಒಪ್ಪಂದಕ್ಕೆ ಬಿಟ್ಟ ವಿಷಯ. ಖರೀದಿದಾರರಿಂದ ಒಂದು ಮೊತ್ತವನ್ನು ಭದ್ರತೆಯಾಗಿ ಪಡೆದು, ಹೆಸರು ಬದಲಾದ ನಂತರ ಹಿಂದಿರುಗಿಸುವ ಷರತ್ತನ್ನು ಕರಾರಿನಲ್ಲಿ ಬರೆದುಕೊಳ್ಳಬಹುದು. ಇಬ್ಬರೂ ಕೂಡಿ ಒಂದೇ ದಿನ ಅರ್ಜಿ ಸಲ್ಲಿಸುವುದು ಇದಕ್ಕಿಂತ ಸುಲಭ.

ಪ್ರಶ್ನೆ: ಅರ್ಜಿ ವಿಲೇವಾರಿ ವಿಳಂಬವಾದಲ್ಲಿ ಏನು ಮಾಡಬೇಕು?
ಉತ್ತರ: ಮಾಲೀಕತ್ವ ವರ್ಗಾವಣೆಯು 2011ರ ಸಕಾಲ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆ. ಸ್ವೀಕೃತಿ ಸಂಖ್ಯೆಯನ್ನು ಇಟ್ಟುಕೊಂಡು, ನಿಗದಿತ ಅವಧಿ ಮೀರಿದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

13. ಸಾರ್ವಜನಿಕರಲ್ಲಿ ವಿನಂತಿ

ಹಳೆಯ ಕಾರಿನ ಬೆಲೆಯು ಕೆಲವು ಸಾವಿರ ರೂಪಾಯಿಗಳಷ್ಟೇ ಇರಬಹುದು. ಆದರೆ ವರ್ಗಾವಣೆಯಾಗದ ಕಾರು ಒಂದು ಅಪಘಾತಕ್ಕೆ ಕಾರಣವಾದಲ್ಲಿ ತೆರಬೇಕಾಗುವ ಪರಿಹಾರವು ಹಲವು ಲಕ್ಷಗಳಾಗಬಹುದು. ಮಾರಾಟಗಾರರು ನಮೂನೆ 29ರ ಸ್ವೀಕೃತಿ, ಹಸ್ತಾಂತರ ಪತ್ರ ಹಾಗೂ ಖರೀದಿದಾರರ ಹೆಸರಿಗೆ ಬದಲಾದ ದಾಖಲೆಯ ಮುದ್ರಿತ ಪ್ರತಿ ಈ ಮೂರನ್ನೂ ಒಂದೆಡೆ ಕಾಪಾಡಿಕೊಳ್ಳುವುದು. ಅರ್ಜಿಗಳನ್ನು ಮಧ್ಯವರ್ತಿಗಳ ನೆರವಿಲ್ಲದೆ ಜಾಲತಾಣದ ಮೂಲಕ ಸ್ವತಃ ಸಲ್ಲಿಸಬಹುದಾಗಿದ್ದು, ಸಂದೇಹಗಳಿದ್ದಲ್ಲಿ ಕಚೇರಿ ವೇಳೆಯಲ್ಲಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಅಥವಾ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯ ವಿಚಾರಣಾ ಕೌಂಟರ್‌ನಲ್ಲಿ ವಿಚಾರಿಸಲು ಕೋರಲಾಗಿದೆ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಯಾವುದೇ ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮ.